ಪುಕ್ಕಲಕ್ಕ ಮತ್ತು ಅನಾಮಿಕ ಕತ್ತೆಕಿರುಬ

ಈ ಭೂಮಿಯ ಮೇಲೆ ಹೆದರುವುದಕ್ಕೆ ಎಷ್ಟೊಂದು ಸಂಗತಿಗಳಿವೆ ಎಂಬುದನ್ನು ಪೂರ್ತಿಯಾಗಿ ಬಲ್ಲವರು ಯಾರಾದರೂ ಇದ್ದರೆ ಅದು ಮೂರನೆಯ ತರಗತಿಯ ಟೀಚರ್ ಒಬ್ಬಳೇ. ಸ್ಟಾಫ್ ರೂಮಿನವರು ಪ್ರೀತಿಯಿಂದ ಅವಳಿಗೆ ಪುಕ್ಕಲಕ್ಕ ಎಂದು ಹೆಸರಿಟ್ಟಿದ್ದರು. ಕುಕ್ಕರ್ ಕೂಗಿದರೆ ಅವಳಿಗೆ ಹೆದರಿಕೆ, ಕೂಗದಿದ್ದರೆ ಇನ್ನೂ ಹೆದರಿಕೆ. ಫೋನು ಬಡಿದುಕೊಂಡರೆ ಯಾರಿಗೋ ಏನೋ ಆಗಿದೆ ಎಂದು ಭಯ, ಸುಮ್ಮನಿದ್ದರೆ ಹೇಳುವವರಿಗೇ ಏನೋ ಆಗಿದೆ ಎಂದು ಭಯ. ಮನೆಗೆ ಬೀಗ ಹಾಕಿದ ಮೇಲೆ ಅದನ್ನು ಜಗ್ಗಿ ನೋಡುತ್ತಿದ್ದಳು. ಬೀದಿಯ ತಿರುವಿನವರೆಗೆ ಹೋಗಿ, ಅಲ್ಲಿ ಎದೆ ಡವಗುಟ್ಟಿ, ಹಿಂದಿರುಗಿ ಬಂದು ಮತ್ತೆ ಜಗ್ಗುತ್ತಿದ್ದಳು.

"ಆ ಬೀಗಕ್ಕೇನಾದ್ರೂ ಬಾಯಿ ಇದ್ದಿದ್ರೆ ನನ್ನ ಬಿಟ್ಬಿಡಮ್ಮ ತಾಯಿ ಅಂತ ಕೈ ಮುಗೀತಿತ್ತು," ಎನ್ನುತ್ತಿದ್ದ ಅವಳ ಗಂಡ. ಅವನು ಗಡಿಯಾರ ರಿಪೇರಿ ಮಾಡುವವನು. ಯಾವುದನ್ನೂ ಅವಸರದಿಂದ ನಂಬದ, ಯಾವುದಕ್ಕೂ ಅವಸರದಿಂದ ಹೆದರದ ಆಸಾಮಿ.

ಇಂಥ ವೀರಾಗ್ರಣಿಯ ಹೆಗಲಿಗೆ ಶಾಲೆಯ ಮಾನ ಏರಿದ್ದು ಒಂದು ಸೋಮವಾರದ ಮೀಟಿಂಗಿನಲ್ಲಿ.

"ಪಕ್ಕದ ಶಾಲೆಯವರು ಬ್ಲಾಗ್ ಶುರು ಮಾಡಿದಾರಂತೆ," ಎಂದರು ಹೆಡ್‌ಮಿಸ್, ಪಕ್ಕದ ಶಾಲೆಯವರು ಫಿರಂಗಿ ತಂದು ನಿಲ್ಲಿಸಿದ್ದಾರೆ ಎನ್ನುವ ದನಿಯಲ್ಲಿ. "ಮಕ್ಕಳು ಬರೆದಿದ್ದು, ಬಿಡಿಸಿದ್ದು ಎಲ್ಲಾ ಹಾಕ್ತಾರಂತೆ. ನಾವೂ ಹಾಕ್ಬೇಕು. ಆದ್ರೆ ಯಾವ ತಾಣ, ಯಾವ ಸಾಧನ, ನಂಗೊಂದೂ ಅರ್ಥ ಆಗಲ್ಲ. ನೋಡಿ ಆರಿಸೋಕೆ ಒಬ್ಬರು ಬೇಕು."

"ನಾನಿದೀನಲ್ಲ ಮೇಡಂ!" ಡ್ರಿಲ್ ಮೇಷ್ಟ್ರು ಎದೆ ಉಬ್ಬಿಸಿ ಎದ್ದು ನಿಂತರು. ಕೂತಿರುವುದು ಅವರಿಗೆ ಹುಟ್ಟಿನಿಂದಲೇ ಒಗ್ಗಿರಲಿಲ್ಲ.

"ನೀವು ಬೇಡ. ನೀವೇ ಈಜು ಕಲಿಯೋಕೆ ಮುಂಚೆ ಮಕ್ಕಳಿಗೆ ಕಲಿಸೋಕೆ ಹೋದೋರು ನೀವು." ಹೆಡ್‌ಮಿಸ್ ಕನ್ನಡಕದ ಮೇಲಿಂದ ಕೋಣೆಯನ್ನೆಲ್ಲ ಸುತ್ತಿ ನೋಡಿ, ಅಲಮಾರಿನ ಹಿಂದೆ ಅರ್ಧ ಮರೆಯಾಗಿದ್ದ ತಲೆಯೊಂದನ್ನು ಹಿಡಿದರು. "ಪುಕ್ಕಲಕ್ಕ, ನೀವೇ ಆರಿಸಿ. ಹಾಲು ಕುಡಿಯೋಕೆ ಮುಂಚೆ ಮೂಸಿ ನೋಡೋರು ಈ ಶಾಲೇಲಿ ನೀವೊಬ್ಬರೇ. ಮಕ್ಕಳ ವಿಷಯ. ಹೆದರೋರೇ ಆರಿಸ್ಲಿ."

ಪುಕ್ಕಲಕ್ಕ ಬೇಡ ಎನ್ನಲು ಬಾಯಿ ತೆರೆದಳು. ಆದರೆ ಹೆಡ್‌ಮಿಸ್‌ಗೆ ಬೇಡ ಎನ್ನುವುದು ಅವಳ ಭಯಗಳ ಸಾಲಿನಲ್ಲಿ ಬ್ಲಾಗಿಗಿಂತ ಬಹಳ ಮೇಲಿತ್ತು. ಹಾಗಾಗಿ ಒಪ್ಪಿಕೊಂಡಳು.

ಸ್ವಯಂವರದಲ್ಲಿ ವರರು ಮೂವರು. ಮೊದಲನೆಯ ತಾಣ ಬಣ್ಣದ ಬುಗುರಿಯಂತಿತ್ತು. ಚಿಕ್ಕಾಸು ಕೊಡಬೇಕಿಲ್ಲ, ಜಗತ್ತೆಲ್ಲ ನೋಡಬಹುದು, ಆದರೆ ಮಕ್ಕಳ ಪದ್ಯದ ಪಕ್ಕದಲ್ಲೇ ಬೋಳುತಲೆಗೆ ಕೂದಲು ಬರಿಸುವ ಎಣ್ಣೆಯ ಜಾಹೀರಾತು ಕುಣಿಯುತ್ತಿತ್ತು. ಅದನ್ನು ನೋಡಿದ ಕೂಡಲೇ ಅವಳು ಮುಚ್ಚಿದಳು. ಎರಡನೆಯದು ಶಾಲೆಗಳಿಗೆಂದೇ ಮಾಡಿದ್ದು. ಪ್ರತಿಯೊಂದಕ್ಕೂ ಪಾಸ್‌ವರ್ಡು, ಟೀಚರ್ ಒಪ್ಪದೆ ಒಂದಕ್ಷರವೂ ಕಾಣದು, ಮಗುವಿನ ಹೆಸರಿಲ್ಲ, ಮುಖವಿಲ್ಲ. ನೋಡುವುದಕ್ಕೆ ಮಾತ್ರ ಆಸ್ಪತ್ರೆಯ ಚೀಟಿಯಂತೆ ಬಿಳುಚಿಕೊಂಡಿತ್ತು. ಮೂರನೆಯದು ಒಂದು ಗೋಡೆಯ ಹಾಗೆ. ಚೀಟಿ ಅಂಟಿಸಿದಂತೆ ಬರಹ ಅಂಟಿಸಬಹುದು. ವಿಳಾಸ ಗೊತ್ತಿದ್ದವರು ಯಾರಾದರೂ ಬಂದು ಓದಬಹುದು, ಕೆಳಗೆ ಮಾತು ಸೇರಿಸಬಹುದು. ಹೆಸರು ಹೇಳದೆ ಬಂದವರಿಗೆ ಆ ತಾಣವೇ ಒಂದೊಂದು ಪ್ರಾಣಿಯ ಮುಖ ಹಚ್ಚುತ್ತಿತ್ತು. ಅನಾಮಿಕ ಜಿಂಕೆ, ಅನಾಮಿಕ ಆಮೆ, ಹೀಗೆ.

ಪುಕ್ಕಲಕ್ಕನ ಮನಸ್ಸು ಈ ಮೂರನೆಯದಕ್ಕೆ ಸೋತಿತು. ಪ್ರಾಣಿಗಳು ಮಕ್ಕಳಿಗೆ ಇಷ್ಟವಾಗುತ್ತವೆ. ಮೇಲಾಗಿ ವಿಳಾಸವನ್ನು ತಾನು ಯಾರಿಗೂ ಹೇಳದಿದ್ದರೆ ಯಾರು ತಾನೇ ಬರುತ್ತಾರೆ? ಬೀಗವನ್ನು ಎರಡು ಸಲ ಜಗ್ಗುವ ಹೆಂಗಸು ಬಾಗಿಲೇ ಇಲ್ಲದ ಮನೆಯೊಂದನ್ನು, ಅದು ಯಾರಿಗೂ ಗೊತ್ತಿಲ್ಲದ ಓಣಿಯಲ್ಲಿದೆ ಎಂಬ ಒಂದೇ ಕಾರಣಕ್ಕೆ ಭದ್ರ ಎಂದುಕೊಂಡಳು. ಅತಿ ಹೆದರುವವರ ಎಡವಟ್ಟೇ ಇದು. ಹತ್ತು ದಿಕ್ಕಿಗೆ ಹೆದರಿ ಹೆದರಿ, ಹನ್ನೊಂದನೆಯ ದಿಕ್ಕಿಗೆ ಬೆನ್ನು ಹಾಕಿ ಕೂತಿರುತ್ತಾರೆ.

ಗೋಡೆಯನ್ನು ಪರೀಕ್ಷಿಸಲು ಒಂದು ಬರಹ ಬೇಕಲ್ಲ? ಅದಕ್ಕೂ ಮೊದಲು ಅವಳ ತರಗತಿಯ ಪದ್ಧತಿಯೊಂದನ್ನು ಹೇಳಬೇಕು. ಜಗತ್ತಿನ ಎಲ್ಲದಕ್ಕೂ ಹೆದರುತ್ತಿದ್ದ ಪುಕ್ಕಲಕ್ಕ ಒಂದು ವಿಷಯದಲ್ಲಿ ಹುಲಿ. ಅದು ಪ್ರಬಂಧ ಪಾಠ. "ನಮ್ಮ ಮನೆ ದೊಡ್ಡದಾಗಿದೆ, ಸುಂದರವಾಗಿದೆ" ಎಂದು ಬರೆದ ಮಗುವಿಗೆ ಅವಳು ಸೊನ್ನೆ ಹಾಕುತ್ತಿದ್ದಳು. "ಯಾವ ಮನೆ ಸುಂದರವಾಗಿಲ್ಲ? ನಿಮ್ಮ ಮನೆ ಹೇಳು. ಓದಿದೋರು ಕಣ್ಣು ಮುಚ್ಚಿಕೊಂಡು ನಿಮ್ಮನೆ ಬಾಗಿಲಿಗೆ ಬಂದು ನಿಲ್ಲಬೇಕು, ಹಂಗೆ ಬರಿ," ಎನ್ನುತ್ತಿದ್ದಳು. ಒಬ್ಬರು ಓದಿದ ಮೇಲೆ ಇನ್ನೊಬ್ಬರು ಎದ್ದು, ಬರಹದಲ್ಲಿ ಬಿಟ್ಟುಹೋದದ್ದೇನು ಎಂದು ಪ್ರಶ್ನೆ ಕೇಳಬೇಕು. ಬರೆದವರು ಉತ್ತರ ಕೊಡಲೇಬೇಕು. ಇದು ಅಲ್ಲಿಯ ಕಾನೂನು. ಪ್ರಶ್ನೆ ಕೇಳುವುದರಲ್ಲಿ ನಿಸ್ಸೀಮಳಾದ ಒಬ್ಬ ಹುಡುಗಿಯನ್ನು ಇಡೀ ತರಗತಿ ವಕೀಲಮ್ಮ ಎಂದೇ ಕರೆಯುತ್ತಿತ್ತು.

ಬರೆಯುವುದರಲ್ಲಿ ನಿಸ್ಸೀಮಳು ಗುಬ್ಬಿ. ಗುಬ್ಬಿಯಷ್ಟೇ ಇದ್ದಳು, ಹೆಸರೂ ಅದೇ ಅಂಟಿತ್ತು. ಹೊಸದಾಗಿ ಶಾಲೆಗೆ ಸೇರಿದವಳು. ಅವಳ "ನಮ್ಮ ಮನೆ" ಓದಿ ಪುಕ್ಕಲಕ್ಕ ಕಣ್ಣೊರೆಸಿಕೊಂಡಿದ್ದಳು. ಅದನ್ನೇ ಊಟದ ಬಿಡುವಿನಲ್ಲಿ ಸ್ಟಾಫ್ ರೂಮಿನ ಕಂಪ್ಯೂಟರಿನಲ್ಲಿ ಕುಟ್ಟಿ ಗೋಡೆಗೆ ಅಂಟಿಸಿದಳು:

"ಶಾಲೆಯ ಗೇಟಿನಿಂದ ಎಡಕ್ಕೆ ಹೋದರೆ ಟೈಲರ್ ಅಂಗಡಿ ಬರುತ್ತದೆ. ಅವರು ಯಾವಾಗಲೂ ಆಕಳಿಸುತ್ತಾರೆ. ಅಲ್ಲಿ ಬಲಕ್ಕೆ. ಒಂದು ಕಿವಿ ಇಲ್ಲದ ನಾಯಿ ಮಲಗಿರುತ್ತದೆ. ಅದರ ಎದುರಿನ ಹಸಿರು ಬಾಗಿಲು ನಮ್ಮದು. ಕೆಳಗೆ ಬಣ್ಣ ಹೋಗಿದೆ, ನಾನೇ ಕೆರೆದದ್ದು. ಅಪ್ಪ ಅಮ್ಮ ಕಾರ್ಖಾನೆಯಿಂದ ಕತ್ತಲಾದ ಮೇಲೆ ಬರುತ್ತಾರೆ. ಅಜ್ಜಿ ಮಧ್ಯಾಹ್ನ ಕಿವಿಯ ಯಂತ್ರವನ್ನು ತೆಗೆದು ಬಟ್ಟಲಿನಲ್ಲಿಟ್ಟು ಮಲಗುತ್ತಾಳೆ, ಆಗ ಡೋಲು ಬಡಿದರೂ ಕೇಳಿಸುವುದಿಲ್ಲ. ಅದಕ್ಕೇ ಬೀಗದ ಕೈ ಹೂವಿನ ಕುಂಡದ ಕೆಳಗೆ ಇರುತ್ತದೆ. ಶಾಲೆ ಬಿಟ್ಟ ಮೇಲೆ ನಾನೇ ತೆಗೆದುಕೊಂಡು ಒಳಗೆ ಹೋಗುತ್ತೇನೆ. ಅಮ್ಮನ ಬಳೆಗಳು ಹಿಟ್ಟಿನ ಡಬ್ಬಿಯಲ್ಲಿವೆ. ಇದು ಗುಟ್ಟು."

ಕೆಳಗೆ ಪುಕ್ಕಲಕ್ಕ ತಾನೇ ಸೇರಿಸಿದಳು: "ಶಭಾಷ್! ಒಂದೂ ಬಿಟ್ಟಿಲ್ಲ!"

ಮರುದಿನ ಮಧ್ಯಾಹ್ನದ ಕೊನೆಯ ಬಿಡುವಿನಲ್ಲಿ ತಿಂಡಿಯ ಡಬ್ಬಿ ಬಿಚ್ಚುವ ಮೊದಲು ಗೋಡೆಯನ್ನೊಮ್ಮೆ ನೋಡೋಣ ಎಂದು ಕೂತಳು. ಗುಬ್ಬಿಯ ಬರಹದ ಕೆಳಗೆ ಒಂದು ಪ್ರಾಣಿಯ ಮುಖ ಹಲ್ಲು ಕಿರಿಯುತ್ತಿತ್ತು. ಅನಾಮಿಕ ಕತ್ತೆಕಿರುಬ. ಅದರ ಪಕ್ಕದಲ್ಲಿ ಒಂದು ಸಾಲು:

"ಎಷ್ಟು ಕುಂಡ ಇವೆ? ಯಾವುದರ ಕೆಳಗೆ?"

ಪುಕ್ಕಲಕ್ಕ ಮತ್ತೊಮ್ಮೆ ಓದಿದಳು. ವಿಳಾಸ ಯಾರಿಗೂ ಹೇಳಿರಲಿಲ್ಲ. ಗಂಡನಿಗೂ ಹೇಳಿರಲಿಲ್ಲ. ಹಾಗಿದ್ದೂ ಯಾವುದೋ ಕತ್ತೆಕಿರುಬ ಬಂದಿದೆ, ಓದಿದೆ, ಮತ್ತು ಅದಕ್ಕೆ ಇನ್ನು ತಿಳಿಯಬೇಕಾಗಿರುವುದು ಒಂದೇ ಒಂದು ವಿಷಯ. ಕುಂಡ ಯಾವುದು ಎಂದು.

ಅವಳ ಇಡೀ ಜೀವಮಾನದ ಹೆದರಿಕೆಗಳೆಲ್ಲ ಆ ಕ್ಷಣದಲ್ಲಿ ಸಾಲಾಗಿ ಬಂದು, "ನಾವೆಲ್ಲ ಬರೀ ತಾಲೀಮು, ತಾಯಿ. ನಿಜವಾದದ್ದು ಇದು," ಎಂದು ನಮಸ್ಕಾರ ಮಾಡಿ ಪಕ್ಕಕ್ಕೆ ಸರಿದವು.

ಬರಹವನ್ನು ಅಳಿಸಲು ಹೋದಳು. ಅವಸರದಲ್ಲಿ ಬೆರಳು ಜಾರಿ ನಕ್ಷತ್ರದ ಗುರುತಿನ ಮೇಲೆ ಬಿತ್ತು. ಗೋಡೆ ಖುಷಿಯಿಂದ ಮಿನುಗಿ ಗುಬ್ಬಿಯ ಬರಹವನ್ನು ಎಲ್ಲಕ್ಕಿಂತ ಮೇಲಕ್ಕೇರಿಸಿ, ಸುತ್ತ ಹಳದಿ ಚೌಕಟ್ಟು ಹಾಕಿ, "ಇಂದಿನ ಮುತ್ತು" ಎಂದು ಸಾರಿತು. ಪುಕ್ಕಲಕ್ಕ ಕಿರುಚಿ ಕಂಪ್ಯೂಟರಿನ ಸ್ವಿಚ್ಚನ್ನೇ ಆರಿಸಿದಳು. ಆರಿಸಿದ ಮೇಲೆ ಹೊಳೆಯಿತು: ಅಳಿಸಿದರೂ ಆರಿಸಿದರೂ ಓದಿದ್ದು ಓದಿದ್ದೇ. ಕತ್ತೆಕಿರುಬದ ತಲೆಯೊಳಗಿನಿಂದ ಅದನ್ನು ಅಳಿಸುವ ಗುಂಡಿ ಎಲ್ಲಿದೆ?

ಗುಬ್ಬಿಯ ಅಮ್ಮನಿಗೆ ಫೋನು ಮಾಡಿದಳು. ಕಾರ್ಖಾನೆಯಲ್ಲಿ ಫೋನುಗಳನ್ನು ಗೇಟಿನಲ್ಲೇ ಇಟ್ಟು ಹೋಗಬೇಕು. ಅದು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು. ಹೆಡ್‌ಮಿಸ್ ಮೀಟಿಂಗಿಗೆಂದು ಹೊರಗೆ ಹೋಗಿದ್ದರು. ಡ್ರಿಲ್ ಮೇಷ್ಟ್ರಿಗೆ ಹೇಳಿದರೆ ಗುಟ್ಟು ಸಂಜೆಯೊಳಗೆ ಊರಿನ ಗೋಡೆಗಳಿಗೆಲ್ಲ ಅಂಟುತ್ತದೆ. ಕಿಟಕಿಯಿಂದ ನೋಡಿದರೆ ಮೈದಾನದಲ್ಲಿ ಗುಬ್ಬಿ ಜುಟ್ಟು ಹಾರಿಸುತ್ತ ಕುಂಟಬಿಲ್ಲೆ ಆಡುತ್ತಿದ್ದಾಳೆ. ಶಾಲೆ ಬಿಟ್ಟ ಮೇಲೆ ಅವಳು ಎಡಕ್ಕೆ ಹೋಗುತ್ತಾಳೆ, ಟೈಲರ್ ಅಂಗಡಿಯ ಹತ್ತಿರ ಬಲಕ್ಕೆ ತಿರುಗುತ್ತಾಳೆ, ಒಬ್ಬಳೇ ಬಾಗಿಲು ತೆರೆಯುತ್ತಾಳೆ.

ಪುಕ್ಕಲಕ್ಕ ಎದ್ದಳು.

ಮೈದಾನದ ಅಂಚಿಗೆ ಹೋಗಿ, "ಮೇಷ್ಟ್ರೇ, ನನ್ನ ಕ್ಲಾಸು ಸ್ವಲ್ಪ ನೋಡ್ಕೋತೀರಾ?" ಎಂದಳು.

"ಹುಷಾರಿಲ್ವಾ ಅಕ್ಕ? ಮುಖ ಸುಣ್ಣ ಬಳಿದ ಗೋಡೆ ಆಗಿದೆಯಲ್ಲ!"

ಗೋಡೆ ಎಂಬ ಮಾತು ಕೇಳಿ ಅವಳು ಬೆಚ್ಚಿಬಿದ್ದಳು. "ಬೇಗ ಬರ್ತೀನಿ," ಎಂದವಳೇ ತರಗತಿಗೆ ನುಗ್ಗಿ ಆಯುಧ ಹುಡುಕಿದಳು. ಕೈಗೆ ಸಿಕ್ಕಿದ್ದು ಕಪ್ಪುಹಲಗೆಯ ಮೇಲೆ ವೃತ್ತ ಎಳೆಯುವ ಮರದ ಕೈವಾರ. ಮೊಳದುದ್ದ, ಒಂದು ಕಾಲಿಗೆ ಕಬ್ಬಿಣದ ಮೊಳೆ. ಅದನ್ನು ಎದೆಗವಚಿಕೊಂಡು ಮಹಾರಥಿ ರಣರಂಗಕ್ಕೆ ಹೊರಟಳು.

ಗುಬ್ಬಿಯ ಮನೆಯನ್ನು ಅವಳು ಕಂಡಿರಲಿಲ್ಲ. ದಾಖಲಾತಿಯಲ್ಲಿ ವಿಳಾಸವಿತ್ತು, ದಾಖಲಾತಿ ಹೆಡ್‌ಮಿಸ್ ಕೋಣೆಯಲ್ಲಿತ್ತು, ಕೋಣೆಗೆ ಬೀಗವಿತ್ತು. ಗುಬ್ಬಿಯನ್ನೇ ಕರೆದೊಯ್ಯೋಣವೆಂದರೆ, ಮಗುವನ್ನು ಕತ್ತೆಕಿರುಬದ ಬಾಯಿಗೇ ಕರೆದೊಯ್ದಂತೆ. ಉಳಿದದ್ದು ಪ್ರಬಂಧ ಒಂದೇ. ಗೇಟಿನಿಂದ ಎಡಕ್ಕೆ ನಡೆದಳು. ಟೈಲರ್ ಅಂಗಡಿ ಬಂತು. ಒಳಗೆ ಕತ್ತಿಗೆ ಟೇಪು ನೇತುಹಾಕಿಕೊಂಡಿದ್ದ ಮನುಷ್ಯ ಅವಳನ್ನು ನೋಡಿ ಬಾಯಿ ಅಗಲಿಸಿ ಆಕಳಿಸಿದ. ಪುಕ್ಕಲಕ್ಕ ಬಲಕ್ಕೆ ತಿರುಗಿದಳು. ನೆರಳಿನಲ್ಲಿ ಒಂದು ನಾಯಿ ಮಲಗಿತ್ತು. ಅದಕ್ಕೆ ಎರಡು ಕಿವಿ ಇರಲಿ ದೇವರೇ ಎಂದು ಬೇಡಿಕೊಂಡಳು. ನಾಯಿ ತಲೆ ಎತ್ತಿತು. ಒಂದೇ.

ಪ್ರತಿ ಹೆಜ್ಜೆಗೂ ಪ್ರಬಂಧ ನಿಜವಾಗುತ್ತಿತ್ತು. ಯಾವ ಗುರುವಿಗೂ ಇಂಥ ಶಿಷ್ಯೆ ಸಿಕ್ಕಿರಲಾರಳು, ಮತ್ತು ಯಾವ ಗುರುವೂ ಶಿಷ್ಯೆಯ ಜಾಣತನಕ್ಕೆ ಇಷ್ಟೊಂದು ನಡುಗಿರಲಿಕ್ಕಿಲ್ಲ. ಹಸಿರು ಬಾಗಿಲು. ಕೆಳಗೆ ಬಣ್ಣ ಕೆರೆದ ಗುರುತು. ನಿಜಕ್ಕೂ ಕಣ್ಣು ಮುಚ್ಚಿಕೊಂಡು ಬರಬಹುದಿತ್ತು.

ಬಾಗಿಲ ಪಕ್ಕದಲ್ಲಿ ಮೂರು ಕುಂಡಗಳು. ಕತ್ತೆಕಿರುಬ ಬರುವ ಮುಂಚೆ ಬೀಗದ ಕೈ ತೆಗೆದಿಟ್ಟುಕೊಂಡರೆ ಅರ್ಧ ಗೆದ್ದಂತೆ ಎಂದು ಮಂಡಿಯೂರಿದಳು. ಮೊದಲನೆಯದರ ಕೆಳಗೆ ಎರೆಹುಳು. ಎರಡನೆಯದರ ಕೆಳಗೆ ಒದ್ದೆ ಮಣ್ಣು. ಮೂರನೆಯದರ ಕೆಳಗೆ ಬೆರಳಿಗೆ ತಣ್ಣಗೆ ಕಬ್ಬಿಣ ತಗುಲಿತು.

ಅಷ್ಟರಲ್ಲಿ ಅವಳ ನೆತ್ತಿಯ ಮೇಲೆ ಆಕಾಶವೇ ಕಳಚಿ ಬಿತ್ತು. ನೆಲ ಒರೆಸಿದ ನೀರು, ಬಕೆಟ್ ತುಂಬ.

"ಕಳ್ಳಿ! ಹಾಡಹಗಲಲ್ಲೇ ಕಳ್ಳಿ!" ಕಿಟಕಿಯಲ್ಲಿ ಖಾಲಿ ಬಕೆಟ್ ಹಿಡಿದು ಗುಬ್ಬಿಯ ಅಜ್ಜಿ ನಿಂತಿದ್ದಳು. "ಕೈಯಲ್ಲಿ ಭರ್ಜಿ ಬೇರೆ!"

"ಅಯ್ಯೋ ಅಜ್ಜಿ, ನಾನು ಗುಬ್ಬಿ ಟೀಚರ್!"

"ಏನು ಗೊಣಗ್ತೀಯೆ? ಕಿವಿ ಕೇಳಲ್ಲ ನಂಗೆ, ಗಟ್ಟಿಯಾಗಿ ಬೊಗಳು!"

"ನಾನು ಗುಬ್ಬಿ ಟೀಚರ್!" ಪುಕ್ಕಲಕ್ಕ ಗಂಟಲು ಹರಿಯುವಂತೆ ಕೂಗಿದಳು. "ನೀವು ಮಲಗೋ ಹೊತ್ತು ಎಲ್ರಿಗೂ ಗೊತ್ತಾಗೋಗಿದೆ! ಬೀಗದ ಕೈ ಮೂರನೇ ಕುಂಡದ ಕೆಳಗಿದೆ! ಬಳೆ ಹಿಟ್ಟಿನ ಡಬ್ಬೀಲಿದೆ ಅಂತ ಊರಿಗೆಲ್ಲ ಗೊತ್ತಾಗೋಗಿದೆ!"

ಎದುರಿನ ಮನೆಯ ಕಿಟಕಿ ತೆರೆದುಕೊಂಡಿತು. ಪಕ್ಕದ ಮನೆಯ ಬಾಗಿಲೂ ತೆರೆದುಕೊಂಡಿತು. ಟೈಲರ್ ತಿರುವಿನವರೆಗೆ ಓಡಿಬಂದು, ಮೊದಲ ಬಾರಿಗೆ ಆಕಳಿಸುವುದನ್ನು ಮರೆತು ನಿಂತಿದ್ದ. ಅಷ್ಟು ಹೊತ್ತಿಗೆ ಪುಕ್ಕಲಕ್ಕನಿಗೆ ಅರಿವಾಯಿತು. ಊರಿಗೆ ನಿಜವಾಗಿ ಗೊತ್ತಾದದ್ದು ಈಗ. ಕಂಪ್ಯೂಟರ್ ಮಾಡದೆ ಬಿಟ್ಟಿದ್ದನ್ನು ಅವಳ ಗಂಟಲು ಪೂರೈಸಿತ್ತು.

ಅಜ್ಜಿ ಅವಳನ್ನು ರಟ್ಟೆ ಹಿಡಿದು ಒಳಗೆಳೆದು, ಬಟ್ಟಲಿನಿಂದ ಯಂತ್ರ ತೆಗೆದು ಕಿವಿಗೆ ಸಿಕ್ಕಿಸಿಕೊಂಡಳು. "ಈಗ ಹೇಳು. ಮೆಲ್ಲಗೆ."

"ನೀವು ಮಲಗಿರ್ತೀರಿ ಅಂತ ಗುಬ್ಬಿ..."

"ಯಾರು ಮಲಗ್ತಾರೆ? ಯಂತ್ರ ತೆಗೆದಿಟ್ಟು ಕಣ್ಣು ಮುಚ್ಕೊಂಡ್ರೆ ನನ್ನ ಯಾರೂ ಮಾತಾಡ್ಸಲ್ಲ. ನೆಮ್ಮದಿ. ಮಗೂಗೆ ಹೇಳ್ಬೇಡ ಮತ್ತೆ."

ಪುಕ್ಕಲಕ್ಕ ಒದ್ದೆ ತಲೆಯಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಗೋಡೆ, ಪ್ರಬಂಧ, ಕತ್ತೆಕಿರುಬ. ಅಜ್ಜಿ ಮೊದಮೊದಲು ನಕ್ಕಳು. ಬಳೆಯ ವಿಷಯಕ್ಕೆ, "ಹೋಗ್ಲಿ ಬಿಡು, ಅವು ಗಿಲೀಟು," ಎಂದಳು. ಆಮೇಲೆ ಏನೋ ನೆನಪಾದವಳಂತೆ ಕಿವಿಯ ಯಂತ್ರವನ್ನು ಬೆರಳಿನಿಂದ ಒತ್ತಿ ಸರಿಮಾಡಿಕೊಂಡಳು.

"ಗುಬ್ಬಿ ಒಬ್ಬಳೇ ಬಾಗಿಲು ತೆಗೀತಾಳೆ ಅನ್ನೋದೂ ಅದರಲ್ಲಿದೆಯಾ?"

"ಇದೆ ಅಜ್ಜಿ."

"ನಮ್ಮ ಮಗ ಸೊಸೆ ಕತ್ತಲಾದ ಮೇಲೇ ಬರೋದು ಅಂತಲೂ?"

"ಇದೆ."

ಅಜ್ಜಿಯ ಮುಖದಲ್ಲಿ ಆಗ ಬಂದದ್ದನ್ನು ಪುಕ್ಕಲಕ್ಕ ಚೆನ್ನಾಗಿ ಬಲ್ಲಳು. ದಿನಾ ಕನ್ನಡಿಯಲ್ಲಿ ನೋಡುತ್ತಿದ್ದುದು ಅದನ್ನೇ. ಆದರೆ ತಾನೇ ಅದನ್ನು ಇನ್ನೊಬ್ಬರ ಮುಖಕ್ಕೆ ಹಚ್ಚಿದ್ದು ಇದೇ ಮೊದಲು. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಅಜ್ಜಿ ಎದ್ದು ಅದನ್ನು ಬಿಗಿದು ಬಂದಳು, ನಿಲ್ಲಲಿಲ್ಲ.

"ಶಾಲೆ ಬಿಡೋ ಹೊತ್ತಾಯ್ತು. ಹೋಗಿ ಕರ್ಕೊಂಡು ಬರ್ತೀನಿ," ಎಂದು ಪುಕ್ಕಲಕ್ಕ ಎದ್ದಳು. ಅಷ್ಟರಲ್ಲಿ ಹೊರಗೆ ಚಪ್ಪಲಿ ಸಪ್ಪಳವಾಯಿತು.

ಗುಬ್ಬಿಯದಲ್ಲ. ಗುಬ್ಬಿ ಕುಪ್ಪಳಿಸುತ್ತ ಬರುವವಳು. ಇದು ಬಂತು, ನಿಂತಿತು, ಮತ್ತೆ ಎರಡು ಹೆಜ್ಜೆ ಬಂತು. ವಿಳಾಸ ಹುಡುಕುವವರ ನಡಿಗೆ. ಬಾಗಿಲಿನಲ್ಲಿ ಕಾಗದ ಹಾಕುವ ಸಣ್ಣ ಸಂದಿಯಿತ್ತು. ಪುಕ್ಕಲಕ್ಕ ಅದಕ್ಕೆ ಕಣ್ಣಿಟ್ಟಳು. ಕುಂಡಗಳ ಹತ್ತಿರ ಒಂದು ಕೈ. ಬರೀ ಕೈ. ಹೆದರಿದವರ ಕಣ್ಣಿಗೆ ಕಡ್ಡಿಯೂ ಕಂಬ. ಅವಳಿಗೆ ಆ ಕೈ ಹಲಗೆಯಷ್ಟು ಅಗಲ ಕಂಡಿತು. ಅದು ಮೊದಲ ಕುಂಡವನ್ನು ವಾಲಿಸಿತು. ಬಿಟ್ಟಿತು. ಎರಡನೆಯದನ್ನು ವಾಲಿಸಿತು. ಬಿಟ್ಟಿತು.

"ಯಾರೇ?" ಅಜ್ಜಿ ಪಿಸುಗುಟ್ಟಿದಳು.

"ಅದೇ," ಎಂದಳು ಪುಕ್ಕಲಕ್ಕ.

ಹಿತ್ತಲಿನಿಂದ ಓಡಿಹೋಗಬಹುದಿತ್ತು. ಅವಳ ಕಾಲುಗಳು ಅದನ್ನೇ ಬೇಡುತ್ತಿದ್ದವು. ಆದರೆ ತಿರುವಿನಲ್ಲಿ ಯಾವ ಕ್ಷಣದಲ್ಲಾದರೂ ಆ ಕುಪ್ಪಳಿಸುವ ಜುಟ್ಟು ಕಾಣಿಸಬಹುದು. ಪುಕ್ಕಲಕ್ಕ ಕೈವಾರ ಎತ್ತಿದಳು, ಕಣ್ಣು ಬಿಗಿಯಾಗಿ ಮುಚ್ಚಿದಳು, ಅಗುಳಿ ತೆಗೆದು "ಹೋ!" ಎಂದು ಅರಚುತ್ತ ಹೊರಗೆ ಹಾರಿದಳು.

"ಅಮ್ಮಾ!" ಎಂದು ಅರಚಿದ್ದು ಕತ್ತೆಕಿರುಬ.

ಕಣ್ಣು ಬಿಟ್ಟರೆ ಮೂರನೆಯ ಕುಂಡವನ್ನು ಅಪ್ಪಿಕೊಂಡು ನೆಲದ ಮೇಲೆ ವಕೀಲಮ್ಮ ಕೂತಿದ್ದಳು. ಹಿಂದಿನಿಂದ ಗುಬ್ಬಿ ಓಡಿಬರುತ್ತಿದ್ದಳು.

"ಮಿಸ್, ನೀವು ಯಾಕೆ ಒದ್ದೆ ಆಗಿದೀರಿ?" ಪ್ರಶ್ನೆ ಕೇಳುವವಳು ಕೇಳಿಯೇ ಕೇಳಿದಳು.

"ನೀನು ಇಲ್ಲೇನು ಮಾಡ್ತಿದೀಯ?"

"ನಾನು ಪ್ರಶ್ನೆ ಹಾಕಿದ್ನಲ್ಲ ಮಿಸ್, ಯಾವ ಕುಂಡ ಅಂತ. ಯಾರೂ ಉತ್ತರ ಕೊಡ್ಲಿಲ್ಲ. ಅದಕ್ಕೇ ನಾನೇ ನೋಡೋಕೆ ಓಡಿ ಬಂದೆ. ನಂಗೆ ಮೊಲ ಬೇಕಿತ್ತು ಮಿಸ್. ಅದು ಕತ್ತೆಕಿರುಬ ಕೊಡ್ತು."

"ಗೋಡೆ ವಿಳಾಸ ಯಾರು ಕೊಟ್ರು?"

"ಡ್ರಿಲ್ ಮೇಷ್ಟ್ರು. ಇವತ್ತು ಬೆಳಿಗ್ಗೆ ಅಮ್ಮನ ಫೋನಿಗೆ ಕಳಿಸಿದ್ರು. ಅಮ್ಮ ಪೋಷಕರ ಸಮಿತಿ ಅಲ್ವಾ?"

ಪುಕ್ಕಲಕ್ಕ ಹೊಸ್ತಿಲ ಮೇಲೆಯೇ ಕುಸಿದಳು. ನಗು ಬಂತು, ಅಳುವೂ ಬಂತು, ಎರಡೂ ಒಂದೇ ಬಾಗಿಲಲ್ಲಿ ಸಿಕ್ಕಿಕೊಂಡು ಬಿಕ್ಕಳಿಕೆಯಾಗಿ ಹೊರಬಂತು. ಅವಳು ಕಲಿಸಿದ ಪಾಠವೇ ಅವಳನ್ನು ಅಟ್ಟಿಸಿಕೊಂಡು ಬಂದಿತ್ತು. ಅಜ್ಜಿ ಇಬ್ಬರು ಮಕ್ಕಳನ್ನೂ ಒಳಗೆ ಸೇರಿಸಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಾಗಿಲು ಹಾಕಿಕೊಂಡಳು.

ಇಲ್ಲಿಗೆ ಮುಗಿದಿದ್ದರೆ ಅದು ನಗೆಯ ಕಥೆ.

ಶಾಲೆಗೆ ಮರಳಿದಾಗ ಡ್ರಿಲ್ ಮೇಷ್ಟ್ರು ಸ್ಟಾಫ್ ರೂಮಿನಲ್ಲೇ ಇದ್ದರು. ತಮ್ಮಿಂದಾದ ಎಡವಟ್ಟು ಕೇಳಿ ಅವರ ಉಬ್ಬಿದ ಎದೆ ಮೊದಲ ಬಾರಿಗೆ ಅಳತೆಗೆ ಇಳಿಯಿತು. ಬೆಳಿಗ್ಗೆ ಕಂಪ್ಯೂಟರಿನಲ್ಲಿ ತೆರೆದೇ ಇದ್ದ ಪುಟ ನೋಡಿ, ತಾಣ ಆರಿಸಿಯಾಯಿತು ಎಂದುಕೊಂಡು, ಹೆಮ್ಮೆಯಿಂದ ಸಮಿತಿಯ ತಾಯಿಯೊಬ್ಬರಿಗೆ ಮಾತ್ರ ಕಳಿಸಿದ್ದರಂತೆ. ಇಬ್ಬರೂ ಕೂತು ಬರಹವನ್ನು ಅಳಿಸಿದರು. ಅಳಿಸುವ ಮುನ್ನ ಬಂದುಹೋದವರ ಸಾಲನ್ನು ಮೇಷ್ಟ್ರು ತೆರೆದು ತೋರಿಸಿದರು. ಮೂರು ಮುಖಗಳಿದ್ದವು.

"ಕತ್ತೆಕಿರುಬ ಆ ಮಗು. ಮೊಲ..." ಮೇಷ್ಟ್ರು ಮೀಸೆ ಕೆರೆದುಕೊಂಡರು. "ಮೊಲ ನಾನು. ಯಾರಿಗೂ ಹೇಳ್ಬೇಡಿ ಅಕ್ಕ."

"ಈ ಮೊಸಳೆ?"

"ನಿಮ್ಮ ಯಜಮಾನರು ಇರಬೇಕು."

ಗಂಡನಿಗೆ ಫೋನು ಮಾಡಿದಳು. "ನಾನು ಮೊಸಳೆನಾ? ಹಾಗಂತ ನಿಮ್ಮಮ್ಮ ಹೇಳಿದ್ರಾ?" ಎಂದ ಅವನು. ಅವನಲ್ಲ. ಹೆಡ್‌ಮಿಸ್‌ಗೆ ಆ ತಾಣದ ಹೆಸರೂ ಗೊತ್ತಿರಲಿಲ್ಲ. ಮೇಷ್ಟ್ರು ಮತ್ತೆ ಪರದೆಗೆ ಬಗ್ಗಿದರು.

"ಅಕ್ಕ, ಈ ಮೊಸಳೆ ಬಂದಿರೋದು ನಿನ್ನೆ ಸಂಜೆ."

"ಅಂದ್ರೆ?"

"ನಾನು ಇನ್ನೂ ಯಾರಿಗೂ ಕಳಿಸಿರ್ಲಿಲ್ಲ."

ಯಾರಿಗೂ ಹೇಳದ ವಿಳಾಸಕ್ಕೆ ಯಾರೋ ಬಂದಿದ್ದರು. ಓದಿದ್ದರು. ಪ್ರಶ್ನೆ ಕೇಳದೆ ಹೋಗಿದ್ದರು. ಪ್ರಶ್ನೆ ಕೇಳಿದ ಕತ್ತೆಕಿರುಬಕ್ಕೆ ಹೆದರಿದ್ದು ಎಂಥ ದಡ್ಡತನ ಎಂದು ಪುಕ್ಕಲಕ್ಕನಿಗೆ ಅನ್ನಿಸಿತು. ಹೆದರಬೇಕಾದದ್ದು ಸುಮ್ಮನೆ ಓದಿ ಹೋದವರಿಗೆ.

ಆ ಸಂಜೆ ಅವಳು ಗುಬ್ಬಿಯ ಮನೆಗೆ ಮತ್ತೆ ಹೋದಳು. ಕಾರ್ಖಾನೆಯಿಂದ ಬಂದ ತಾಯಿ ತಂದೆಯ ಎದುರು ನಿಂತು, ಮೊಸಳೆಯ ಸಮೇತ ಎಲ್ಲವನ್ನೂ ಒಪ್ಪಿಸಿದಳು. "ಹೊರಗಿನ ಜನಕ್ಕೆ ನಾವು ಹೆದರ್ತಿದ್ವಿ ಮಿಸ್. ಶಾಲೆಗೆ ಹೆದರಿರ್ಲಿಲ್ಲ," ಎಂದಳು ತಾಯಿ. ಬೀಗದವನು ಬಂದು ಹಸಿರು ಬಾಗಿಲಿನ ಬೀಗ ಬದಲಿಸುವವರೆಗೆ ಪುಕ್ಕಲಕ್ಕ ಅಲ್ಲಿಂದ ಕದಲಲಿಲ್ಲ. ಹೊಸ ಬೀಗವನ್ನು ಜಗ್ಗಿ ನೋಡಿದಳು. ತಿರುವಿನವರೆಗೆ ಹೋಗಿ, ಬಂದು, ಮತ್ತೆ ಜಗ್ಗಿದಳು. ಅವಳು ಹೋದ ಮೇಲೆ ಗುಬ್ಬಿಯ ತಂದೆ ತಾನೂ ಒಮ್ಮೆ ಜಗ್ಗಿದ.

ಮುಂದಿನ ಸೋಮವಾರದ ಮೀಟಿಂಗಿನಲ್ಲಿ ಅವಳು ನಡೆದದ್ದನ್ನೆಲ್ಲ ಹೇಳಿ, ಎರಡನೆಯ ತಾಣವನ್ನು, ಆ ಆಸ್ಪತ್ರೆ ಚೀಟಿಯನ್ನು, ಮೇಜಿನ ಮೇಲಿಟ್ಟಳು.

"ಇಷ್ಟು ಪೇಲವವಾಗಿದೆಯಲ್ಲ ಪುಕ್ಕಲಕ್ಕ," ಎಂದರು ಹೆಡ್‌ಮಿಸ್. "ಪಕ್ಕದ ಶಾಲೆಯದು ಎಷ್ಟು ಲಕಲಕ ಅಂತಿದೆ. ಪಾಸ್‌ವರ್ಡ್ ಇಲ್ದೆ ಯಾರೂ ನೋಡೋಕಾಗದ ಬ್ಲಾಗು ಮಾಡಿ ಏನುಪಯೋಗ?"

ಪುಕ್ಕಲಕ್ಕ ಎದ್ದು ನಿಂತಳು. ಅವಳ ಹೆದರಿಕೆಗಳ ಸಾಲಿನಲ್ಲಿ ಹೆಡ್‌ಮಿಸ್ ಈಗ ಎಷ್ಟೋ ಕೆಳಗಿಳಿದಿದ್ದರು. "ಮೇಡಂ, ಮೊಸಳೆ ಯಾರು ಅಂತ ಹೇಳಿ. ಈಗಲೇ ಬಣ್ಣದ್ದು ಹಾಕ್ತೀನಿ."

ಹೆಡ್‌ಮಿಸ್ ಡ್ರಿಲ್ ಮೇಷ್ಟ್ರ ಮುಖ ನೋಡಿದರು. ಅನಾಮಿಕ ಮೊಲ ನೆಲ ನೋಡಿತು. ಚೀಟಿ ಗೆದ್ದಿತು.

ಅದರಲ್ಲಿ ಹಾಕುವುದಕ್ಕೆಂದು ಮಕ್ಕಳು "ನಮ್ಮ ಮನೆ"ಯನ್ನು ಹೊಸದಾಗಿ ಬರೆದರು. ಕಾನೂನು ಸ್ವಲ್ಪ ತಿದ್ದುಪಡಿಯಾಗಿತ್ತು: ಓದಿದವರ ಕಣ್ಣಿಗೆ ಮನೆ ಕಾಣಬೇಕು, ಕಾಲಿಗೆ ಸಿಗಬಾರದು. ಗುಬ್ಬಿ ಎದ್ದು ಓದಿದಳು: "ನಮ್ಮ ಮನೆಯ ನಲ್ಲಿ ತೊಟ್ಟಿಕ್ಕುತ್ತದೆ. ಅಜ್ಜಿ ನಿದ್ದೆ ಮಾಡುವ ಹಾಗೆ ನಾಟಕ ಆಡುತ್ತಾಳೆ. ನನಗೆ ಗೊತ್ತಿದೆ ಅಂತ ಅವಳಿಗೆ ಗೊತ್ತಿಲ್ಲ. ಈಗ ನಾನು ಬರುವ ಹೊತ್ತಿಗೆ ಅವಳು ಯಂತ್ರ ಹಾಕಿಕೊಂಡು ಹೊಸ್ತಿಲ ಮೇಲೆ ಕೂತಿರುತ್ತಾಳೆ."

ವಕೀಲಮ್ಮ ಚಂಗನೆ ಎದ್ದಳು. "ಬಾಗಿಲು ಯಾವ ಬಣ್ಣ?"

ಗುಬ್ಬಿ ಟೀಚರ್ ಕಡೆ ಒಮ್ಮೆ ನೋಡಿದಳು. "ಹೇಳಲ್ಲ," ಎಂದಳು.

"ಶಭಾಷ್," ಎಂದಳು ಪುಕ್ಕಲಕ್ಕ. ಆದರೆ ಅಜ್ಜಿ ಹೊಸ್ತಿಲ ಮೇಲೆ ಕೂರುವ ಸಾಲಿಗೆ ಕೆಂಪು ಗೆರೆ ಎಳೆದಳು. ಅದೂ ಬೇಡ.

ಅಂದು ಮನೆಗೆ ಬಂದು ಗಂಡನ ಫೋನು ಕಸಿದುಕೊಂಡು, ಪಾಸ್‌ವರ್ಡು ಹಾಕದೆ ಶಾಲೆಯ ಬ್ಲಾಗನ್ನು ತೆರೆಯಲು ನೋಡಿದಳು. "ಪ್ರವೇಶವಿಲ್ಲ" ಎಂದಿತು. ಫೋನು ವಾಪಸು ಕೊಟ್ಟಳು. ಬಾಗಿಲವರೆಗೆ ಹೋದಳು. ಹಿಂದಿರುಗಿ ಬಂದು ಕೈ ಚಾಚಿದಳು.

"ಮತ್ತೇನೇ?" ಎಂದ ಗಂಡ.

"ಇನ್ನೊಂದ್ಸಲ ಜಗ್ಗಿ ನೋಡ್ತೀನಿ ಕೊಡ್ರಿ."

ಗಡಿಯಾರದ ಮುಳ್ಳೊಂದನ್ನು ಚಿಮಟದಲ್ಲಿ ಹಿಡಿದಿದ್ದ ಅವನು ಈ ಸಲ ನಗಲಿಲ್ಲ. ಮುಳ್ಳನ್ನು ಕೆಳಗಿಟ್ಟು ಫೋನು ಕೊಟ್ಟ.